ಸ್ಯಾಂಪಲ್ ಟ್ಯೂಬ್ ವಿಮಾನ ಹತ್ತುವ ಮೊದಲು: ಹೊರದೇಶದ ವಿಜ್ಞಾನಿಗಳ ಜೊತೆ ಜವಾಬ್ದಾರಿಯಿಂದ ಕೆಲಸ ಮಾಡುವುದು ಹೇಗೆ

ಜೀವವಿಜ್ಞಾನದ ದೊಡ್ಡ ಪ್ರಶ್ನೆಗಳು ಒಂದೇ ದೇಶದೊಳಗೆ ಮುಗಿಯುವುದು ಅಪರೂಪ. ವಲಸೆ ಹಕ್ಕಿ, ಸೊಳ್ಳೆ, ಗೋಧಿಯ ತುಕ್ಕು ರೋಗ, ಫ್ಲೂ ವೈರಸ್ ಯಾವುದೂ ಗಡಿ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಹೊರದೇಶದ ಲ್ಯಾಬ್ ಜೊತೆ ಕೈಜೋಡಿಸುವುದು ಈಗ ಮಾಮೂಲಿ. ಹೆಚ್ಚಿನ ಸಹಯೋಗಗಳು ಸಮ್ಮೇಳನದ ಬಿಡುವಿನ ಹೊತ್ತಿನಲ್ಲಿ ನಗುನಗುತ್ತಾ ಶುರುವಾಗುತ್ತವೆ. ಜಗಳ ಬರುವುದು ಎರಡು ಮೂರು ವರ್ಷ ಕಳೆದು ಸಂಶೋಧನಾ ಪೇಪರ್ ಬರೆಯಲು ಕೂತಾಗ. ಆದರೆ ಅದರ ಬೇರು ಮೊದಲ ತಿಂಗಳಲ್ಲೇ ಇರುತ್ತದೆ. ಸ್ಯಾಂಪಲ್ ಯಾರದ್ದು, ಹೆಸರು ಯಾರದ್ದು, ಬೇಡ ಅನ್ನುವ ಹಕ್ಕು ಯಾರಿಗೆ? ಇವನ್ನೆಲ್ಲ ಆಗ ಕೇಳಲು ಮುಜುಗರ. "ನೋಡೋಣ ಬಿಡಿ, ನಾವೆಲ್ಲ ಸ್ನೇಹಿತರೇ ಅಲ್ವಾ" ಅಂತ ಮುಂದೆ ಹೋಗಿಬಿಡುತ್ತೇವೆ.

ಆ ಮುಜುಗರದ ಪ್ರಶ್ನೆಗಳನ್ನು ಯಾವ ಹಂತದಲ್ಲಿ, ಹೇಗೆ ಕೇಳಬೇಕು ಅನ್ನುವುದೇ ಈ ಬರಹದ ವಿಷಯ. ಸ್ಯಾಂಪಲ್ ಇರುವವರಿಗೂ ಇದು ಬೇಕು, ದುಬಾರಿ ಯಂತ್ರ ಇರುವವರಿಗೂ ಬೇಕು.

ಹಂತ 1: ಪ್ರಶ್ನೆಯನ್ನೇ ಜೊತೆಗೆ ಕೂತು ಕಟ್ಟಿ

ಶ್ರೀಮಂತ ದೇಶದ ತಂಡ ಬರುತ್ತದೆ, ಸ್ಯಾಂಪಲ್ ತೆಗೆದುಕೊಳ್ಳುತ್ತದೆ, ಹಾರಿಹೋಗುತ್ತದೆ. ಆಮೇಲೆ ಪೇಪರ್ ಬಂದದ್ದು ಸ್ಥಳೀಯರಿಗೆ ಇಂಟರ್ನೆಟ್ಟಿನಲ್ಲಿ ಗೊತ್ತಾಗುತ್ತದೆ. ಇದಕ್ಕೆ ಹೆಲಿಕಾಪ್ಟರ್ ಸಂಶೋಧನೆ ಅಂತಲೇ ಹೆಸರು ಬಿದ್ದಿದೆ. ಬಡ ದೇಶಗಳಲ್ಲಿ ನಡೆಯುವ ಸಂಶೋಧನೆಗಾಗಿ 2018ರಲ್ಲಿ ಟ್ರಸ್ಟ್ ಅನ್ನುವ ನೀತಿಸಂಹಿತೆ ಬಂತು. 2022ರಲ್ಲಿ ಕೇಪ್‌ಟೌನ್‌ನಲ್ಲಿ ನಡೆದ ಸಂಶೋಧನಾ ಪ್ರಾಮಾಣಿಕತೆಯ ವಿಶ್ವ ಸಮ್ಮೇಳನದಿಂದ ಕೇಪ್‌ಟೌನ್ ಹೇಳಿಕೆ ಹುಟ್ಟಿತು. ಎರಡೂ ಒತ್ತಿ ಹೇಳುವ ಮಾತು ಒಂದೇ: ಸ್ಥಳೀಯ ವಿಜ್ಞಾನಿಗಳು ಯೋಜನೆಯ ಮೊದಲ ದಿನದಿಂದ ಇರಬೇಕು, ಸ್ಯಾಂಪಲ್ ಬೇಕಾದಾಗ ಮಾತ್ರ ಅಲ್ಲ.

ಇದನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಗ್ರಾಂಟ್ (ಸಂಶೋಧನೆಗೆ ಸಿಗುವ ಅನುದಾನ) ಅರ್ಜಿ ಮುಂದಿಟ್ಟುಕೊಳ್ಳಿ. ಅದರಲ್ಲಿ ಇನ್ನೊಂದು ದೇಶದ ಪಾಲುದಾರರ ಹೆಸರು ಅಳಿಸಿ, ಆ ಜಾಗದಲ್ಲಿ "ಸ್ಯಾಂಪಲ್ ಒದಗಿಸುವವರು" ಅಂತ ಬರೆಯಿರಿ. ಅರ್ಜಿಯಲ್ಲಿ ಬೇರೇನೂ ಬದಲಾಗದಿದ್ದರೆ ಅವರು ಪಾಲುದಾರರಲ್ಲ, ಸರಬರಾಜುದಾರರು. ಹಾಗಿದ್ದಾಗ ಅರ್ಜಿ ಕಳಿಸುವ ಮುಂಚೆಯೇ ಮತ್ತೆ ಕೂತು, "ನಿಮ್ಮ ಕಡೆ ಈ ವಿಷಯದಲ್ಲಿ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ?" ಅಂತ ಕೇಳಿ. ಬಹಳ ಸಲ ಆ ಪ್ರಶ್ನೆಯೇ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಯಾಕೆಂದರೆ ಆ ರೋಗವನ್ನೋ ಆ ಗಿಡವನ್ನೋ ವರ್ಷವಿಡೀ ನೋಡುವವರು ಅವರು.

ದುಡ್ಡಿನ ಲೆಕ್ಕವೂ ಇದೇ ಹಂತದ ಮಾತು. ಕೆಲವು ಗ್ರಾಂಟ್‌ಗಳು ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ ಅನ್ನುತ್ತವೆ. ಸಣ್ಣ ಸಂಸ್ಥೆಗೆ ಕೈಯಿಂದ ಹಾಕುವಷ್ಟು ಹಣ ಇರುವುದಿಲ್ಲ. ಮುಂಗಡ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ. ಯಂತ್ರ ಕೊಡಿಸುವುದಾದರೆ ಅದರ ರಾಸಾಯನಿಕ, ರಿಪೇರಿ, ಸರ್ವಿಸ್ ಒಪ್ಪಂದ ಎಲ್ಲಕ್ಕೂ ಬಜೆಟ್ ಇರಲಿ. ಇಲ್ಲದಿದ್ದರೆ ಯೋಜನೆ ಮುಗಿದ ಮೇಲೆ ಅದು ಧೂಳು ಹಿಡಿದು ಕೂರುತ್ತದೆ.

ಹಂತ 2: ಅನುಮತಿ ಪತ್ರಗಳನ್ನು ಮೊದಲೇ ಪಟ್ಟಿ ಮಾಡಿ

ಇಲ್ಲಿ ಬಹಳಷ್ಟು ಜನ ಎಡವುತ್ತಾರೆ. 1992ರ ಜೀವವೈವಿಧ್ಯ ಒಪ್ಪಂದ ಬಂದ ಮೇಲೆ, ತಮ್ಮ ನೆಲದ ಜೈವಿಕ ಸಂಪನ್ಮೂಲಗಳ ಮೇಲೆ ಆಯಾ ದೇಶಕ್ಕೇ ಹಕ್ಕು ಅನ್ನುವುದು ಸ್ಪಷ್ಟವಾಯಿತು. ಅದರಡಿ 2010ರಲ್ಲಿ ನಗೋಯಾ ಪ್ರೋಟೋಕಾಲ್ ಆಯಿತು, 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಸರಳವಾಗಿ ಹೇಳುವುದಾದರೆ ಅದು ಎರಡು ವಿಷಯ ಕೇಳುತ್ತದೆ: ಸ್ಯಾಂಪಲ್ ತೆಗೆಯುವ ಮುಂಚೆ ಆ ದೇಶದ ಒಪ್ಪಿಗೆ, ಮತ್ತು ಲಾಭ ಬಂದರೆ ಹೇಗೆ ಹಂಚಿಕೊಳ್ಳುತ್ತೀರಿ ಅನ್ನುವ ಬರಹದ ಒಡಂಬಡಿಕೆ. ಲಾಭ ಅಂದರೆ ದುಡ್ಡೇ ಆಗಬೇಕಿಲ್ಲ. ತರಬೇತಿ, ಪೇಪರಿನಲ್ಲಿ ಹೆಸರು, ಡೇಟಾ, ಉಪಕರಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕೆಲಸ ಶುರು ಮಾಡುವುದು ಹೀಗೆ. ಪ್ರೋಟೋಕಾಲ್‌ಗೆ ಸಹಿ ಹಾಕಿದ ದೇಶಗಳ ನಿಯಮ, ಸಂಪರ್ಕ ಅಧಿಕಾರಿ ಯಾರು ಅನ್ನುವ ವಿವರ ಆ ಒಪ್ಪಂದದ ಮಾಹಿತಿ ಕೇಂದ್ರದ ಜಾಲತಾಣದಲ್ಲಿ ಇರುತ್ತದೆ. ಅಲ್ಲಿಂದ ಅಧಿಕಾರಿಯ ಹೆಸರು ತೆಗೆದು ಪತ್ರ ಬರೆಯಿರಿ. ಆ ದೇಶ ಪ್ರೋಟೋಕಾಲ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ನಿಯಮವೇ ಇಲ್ಲ ಅಂದುಕೊಳ್ಳಬೇಡಿ. ಸ್ವಂತ ಕಾನೂನು ಇರಬಹುದು. ಇನ್ನೊಂದು ಕಡೆಯಿಂದಲೂ ನಿಯಮಗಳಿವೆ. ಯುರೋಪಿಯನ್ ಒಕ್ಕೂಟದ 2014ರ ನಿಯಮದ ಪ್ರಕಾರ, ಇಂಥ ಸಂಪನ್ಮೂಲ ಬಳಸಿದ ಸಂಶೋಧಕರು ಬಳಕೆ ಮುಗಿದ ಮೇಲೂ 20 ವರ್ಷ ದಾಖಲೆ ಇಟ್ಟುಕೊಳ್ಳಬೇಕು. ಅಷ್ಟು ವರ್ಷ ಒಬ್ಬರ ಇಮೇಲ್ ಡಬ್ಬಿಯಲ್ಲಿ ದಾಖಲೆ ಉಳಿಯುವುದಿಲ್ಲ, ಸಂಸ್ಥೆಯ ಕಡತಕ್ಕೆ ಸೇರಿಸಿ.

ಅಳಿವಿನಂಚಿನ ಜೀವಿಯಾದರೆ, ಅಂಥ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದವೂ ಬರುತ್ತದೆ. ಒಂದು ಗರಿ, ಒಂದು ಹನಿ ರಕ್ತ ಗಡಿ ದಾಟಲೂ ಅನುಮತಿ ಬೇಕಾಗಬಹುದು. ನೋಂದಾಯಿತ ವಸ್ತುಸಂಗ್ರಹಾಲಯಗಳು, ಹರ್ಬೇರಿಯಂಗಳು (ಒಣಗಿಸಿದ ಗಿಡಗಳ ಸಂಗ್ರಹಾಲಯಗಳು) ತಮ್ಮ ತಮ್ಮಲ್ಲಿ ಸಂಗ್ರಹದ ಮಾದರಿಗಳನ್ನು ಎರವಲು ಕೊಟ್ಟು ತೆಗೆದುಕೊಳ್ಳುವುದಕ್ಕೆ ಅದರಲ್ಲಿ ವಿನಾಯಿತಿ ಇದೆ. ನಿಮ್ಮ ಸಂಸ್ಥೆ ನೋಂದಾಯಿತವೋ ಅಲ್ಲವೋ ಅಂತ ಒಮ್ಮೆ ನೋಡಿದರೆ ತಿಂಗಳುಗಟ್ಟಲೆ ಓಡಾಟ ಉಳಿಯಬಹುದು.

ಸ್ಯಾಂಪಲ್ ಬೇಡ, ಜೀನ್ ಸೀಕ್ವೆನ್ಸ್ (ಜೀನಿನ ಅಕ್ಷರಗಳ ಸಾಲು) ಡೌನ್‌ಲೋಡ್ ಮಾಡಿಕೊಂಡರೆ ಸಾಕು ಅನ್ನುವವರೂ ಇದ್ದಾರೆ. ಅದರ ಲಾಭ ಹಂಚಿಕೆ ಬಹಳ ವರ್ಷಗಳಿಂದ ಎಳೆದಾಡಿದ ವಿಷಯ. ಕೊನೆಗೆ ಕೊಲಂಬಿಯಾದ ಕ್ಯಾಲಿಯಲ್ಲಿ 2024ರಲ್ಲಿ ನಡೆದ ಸಭೆಯಲ್ಲಿ ಒಂದು ನಿಧಿ ಮಾಡಲು ತೀರ್ಮಾನವಾಯಿತು. 2025ರ ಫೆಬ್ರವರಿಯಲ್ಲಿ ಕ್ಯಾಲಿ ನಿಧಿ ಶುರುವಾಯಿತು. ಸೀಕ್ವೆನ್ಸ್‌ನಿಂದ ಹಣ ಮಾಡುವ ಕಂಪನಿಗಳು ಅದಕ್ಕೆ ಪಾಲು ಹಾಕಬೇಕು ಅನ್ನುವುದು ಆಶಯ. ನಿಮ್ಮ ಪಾಲುದಾರ ಕಂಪನಿಯಾಗಿದ್ದರೆ ಇದನ್ನೂ ಮಾತಿಗೆ ತನ್ನಿ.

ಅನುಮತಿ ಎಷ್ಟು ದಿನಕ್ಕೆ ಬರುತ್ತದೆ ಅಂತ ಸ್ಥಳೀಯ ಪಾಲುದಾರರನ್ನೇ ಕೇಳಿ, ಅವರು ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ. ಹೂ ಬಿಡುವ ಕಾಲ ಮುಗಿದ ಮೇಲೆ ಕೈಗೆ ಬಂದ ಪರ್ಮಿಟ್ ಊಟಕ್ಕಿಲ್ಲದ ಉಪ್ಪಿನಕಾಯಿ.

ಹಂತ 3: ಮನುಷ್ಯರ ಸ್ಯಾಂಪಲ್ ಇದ್ದರೆ ಒಪ್ಪಿಗೆಯ ಮಿತಿ ಬರೆಯಿರಿ

ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಅನ್ನುವ ಮೂಲನಿವಾಸಿ ಸಮುದಾಯವಿದೆ. ಅವರಲ್ಲಿ ಮಧುಮೇಹ ಜಾಸ್ತಿ. 1990ರ ದಶಕದ ಆರಂಭದಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅವರ ರಕ್ತ ತೆಗೆದುಕೊಂಡರು. ಕೊಟ್ಟವರು ಅದು ಮಧುಮೇಹಕ್ಕೆ ಅಂದುಕೊಂಡಿದ್ದರು. ಅದೇ ರಕ್ತವನ್ನು ಆಮೇಲೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ, ಒಳಸಂಬಂಧದ ಮದುವೆ, ಪೂರ್ವಿಕರ ವಲಸೆ ಇಂಥ ವಿಷಯಗಳ ಅಧ್ಯಯನಕ್ಕೂ ಬಳಸಿದರು. ಸಮುದಾಯ ಕೋರ್ಟಿಗೆ ಹೋಯಿತು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನೂ ವಾಪಸ್ ಮಾಡಿ ರಾಜಿಯಾಯಿತು. ಇದು ನಡೆದದ್ದು ಒಂದೇ ದೇಶದೊಳಗೆ. ಎರಡು ದೇಶ, ಎರಡು ಭಾಷೆ, ಎರಡು ಕಾನೂನು ಇದ್ದಾಗ ಕಷ್ಟ ಎಷ್ಟು ಹೆಚ್ಚಬಹುದು ಯೋಚಿಸಿ.

ಹಾಗಾಗಿ ಒಪ್ಪಿಗೆ ಪತ್ರದಲ್ಲಿ ನಾಲ್ಕು ಮಾತು ಬಿಡಿಬಿಡಿಯಾಗಿ ಇರಲಿ. ಈಗ ಯಾವುದಕ್ಕೆ ಬಳಸುತ್ತೇವೆ. ಮುಂದೆ ಬೇರೆ ಅಧ್ಯಯನಕ್ಕೆ ಬಳಸಬಹುದೇ. ಬೇರೆ ದೇಶಕ್ಕೆ ಕಳಿಸಬಹುದೇ. ಮನಸ್ಸು ಬದಲಾದರೆ ಯಾರಿಗೆ ಹೇಳಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು ಅಥವಾ ಇಲ್ಲ ಗುರುತು. ಎಲ್ಲಕ್ಕೂ ಸೇರಿಸಿ ಒಂದೇ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆ ಅಲ್ಲ, ಬರೀ ಕಾಗದ.

ಎರಡೂ ದೇಶಗಳ ನೈತಿಕ ಸಮಿತಿಗಳು ನೋಡಬೇಕು. ಒಂದು ದೇಶದಲ್ಲಿ ಬೇಡ ಅಂದ ಪ್ರಯೋಗವನ್ನು ನಿಯಮ ಸಡಿಲ ಇರುವ ಕಡೆಗೆ ಸಾಗಿಸುವುದು ಸಹಯೋಗವಲ್ಲ. ಕೆಲವು ಸಮುದಾಯಗಳು ಈಗ ತಮ್ಮ ನಿಯಮವನ್ನು ತಾವೇ ಬರೆದುಕೊಂಡಿವೆ. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ತಂದರು. ಅಂಥದ್ದು ಇದ್ದರೆ ಮೊದಲು ಅದನ್ನು ಓದಿ, ಆಮೇಲೆ ಯೋಜನೆ ಬರೆಯಿರಿ.

ಹಂತ 4: ಸ್ಯಾಂಪಲ್ ಮತ್ತು ಡೇಟಾ ಒಪ್ಪಂದ

ಸ್ಯಾಂಪಲ್ ವರ್ಗಾವಣೆ ಒಪ್ಪಂದ ಇಲ್ಲದೆ ಒಂದು ಟ್ಯೂಬ್ ಕೂಡ ಹೊರಗೆ ಹೋಗಬಾರದು. ಕಾರಣ ಬೇಕಿದ್ದರೆ ಇಂಡೋನೇಷ್ಯಾದ ಕಥೆ ನೋಡಿ. ಎಚ್5ಎನ್1 ಹಕ್ಕಿಜ್ವರ ಅಲ್ಲಿ ಜನರನ್ನು ಕೊಲ್ಲುತ್ತಿದ್ದಾಗ ಆ ದೇಶ ವಿಶ್ವ ಆರೋಗ್ಯ ಸಂಸ್ಥೆಯ ಜಾಲದ ಲ್ಯಾಬ್‌ಗಳಿಗೆ ವೈರಸ್ ಕಳಿಸುತ್ತಿತ್ತು. ಆ ವೈರಸ್‌ನಿಂದ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ತಯಾರಿಸಿದ್ದು ಗೊತ್ತಾಯಿತು. ವೈರಸ್ ಕೊಟ್ಟ ದೇಶಕ್ಕೆ ಆ ಲಸಿಕೆ ಸಿಗುತ್ತದೆ ಅನ್ನುವ ಯಾವ ಖಾತ್ರಿಯೂ ಇರಲಿಲ್ಲ. 2007ರ ಹೊತ್ತಿಗೆ ಇಂಡೋನೇಷ್ಯಾ ವೈರಸ್ ಕಳಿಸುವುದನ್ನೇ ನಿಲ್ಲಿಸಿತು. ಜಗತ್ತಿನ ಆರೋಗ್ಯ ತಜ್ಞರು ಗಾಬರಿಯಾದರು. ಕೊನೆಗೆ 2011ರಲ್ಲಿ, ವೈರಸ್ ಪಡೆಯುವ ಕಂಪನಿಗಳು ಹಣವನ್ನೋ ಲಸಿಕೆಯ ಪಾಲನ್ನೋ ಕೊಡಬೇಕು ಅನ್ನುವ ಚೌಕಟ್ಟು ಬಂತು. 2025ರ ಮೇನಲ್ಲಿ ಸಾಂಕ್ರಾಮಿಕಗಳ ಬಗ್ಗೆ ಹೊಸ ಒಪ್ಪಂದ ಅಂಗೀಕಾರವಾದಾಗಲೂ ಸ್ಯಾಂಪಲ್ ಮತ್ತು ಲಾಭ ಹಂಚಿಕೆಯ ಭಾಗ ಮಾತ್ರ ಇತ್ಯರ್ಥವಾಗದೆ, ಬೇರೆ ಅನುಬಂಧಕ್ಕೆ ಬಿಟ್ಟುಬಿಟ್ಟರು. ದೇಶಗಳಿಗೇ ಇಷ್ಟು ಕಷ್ಟ ಆಗಿರುವ ವಿಷಯ ಇಬ್ಬರು ಪ್ರೊಫೆಸರ್‌ಗಳ ಬಾಯಿಮಾತಿನಲ್ಲಿ ಬಗೆಹರಿಯುತ್ತದೆಯೇ?

ನಿಮ್ಮ ಒಪ್ಪಂದದಲ್ಲಿ ಇವು ಇರಲೇಬೇಕು: ಯಾವ ಕೆಲಸಕ್ಕೆ ಬಳಸಬಹುದು, ಮೂರನೆಯವರಿಗೆ ಕೊಡುವಾಗ ಯಾರ ಅನುಮತಿ ಬೇಕು, ಉಳಿದದ್ದನ್ನು ವಾಪಸ್ ಕಳಿಸಬೇಕೇ ನಾಶ ಮಾಡಬೇಕೇ, ಪೇಟೆಂಟ್ ಬಂದರೆ ಏನು, ತಕರಾರು ಬಂದರೆ ಯಾವ ದೇಶದ ಕಾನೂನು. ಈ ಕೊನೆಯದನ್ನು ಎಲ್ಲರೂ ಸುಮ್ನೆ ಓದದೆ ಸಹಿ ಹಾಕುತ್ತಾರೆ. ದೊಡ್ಡ ವಿಶ್ವವಿದ್ಯಾಲಯದ ವಕೀಲರು ತಮ್ಮ ಊರಿನ ಕೋರ್ಟ್ ಹೆಸರು ಬರೆದಿರುತ್ತಾರೆ. ಬದಲಾಯಿಸಿ ಅಂತ ಕೇಳಿದರೆ ಬಹಳ ಸಲ ಬದಲಾಯಿಸುತ್ತಾರೆ, ಕೇಳಬೇಕು ಅಷ್ಟೇ.

ಡೇಟಾ ವಿಷಯದಲ್ಲಿ ಎರಡು ಎಳೆತ ಇವೆ. ಬೇಗ ಹಂಚಿದರೆ ವಿಜ್ಞಾನಕ್ಕೆ ಒಳ್ಳೆಯದು. ಮನುಷ್ಯನ ಇಡೀ ಡಿಎನ್‌ಎ ಓದಲು ಹೊರಟ ಮಾನವ ಜೀನೋಮ್ ಯೋಜನೆಯವರು 1996ರಲ್ಲಿ ಬರ್ಮುಡಾದಲ್ಲಿ ಸೇರಿ, ಸೀಕ್ವೆನ್ಸನ್ನು 24 ಗಂಟೆಯೊಳಗೆ ಸಾರ್ವಜನಿಕಗೊಳಿಸಬೇಕು ಅಂತ ಒಪ್ಪಿಕೊಂಡರು. ಆದರೆ ಬೇಗ ಹಂಚಿದವರಿಗೇ ಪೆಟ್ಟು ಬೀಳುವುದೂ ಉಂಟು. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕೋವಿಡ್‌ನ ಹೊಸ ತಳಿ ಓಮಿಕ್ರಾನ್ ಬಗ್ಗೆ ಲೋಕಕ್ಕೆ ತಿಳಿಸಿದರು. ಒಂದೆರಡು ದಿನದಲ್ಲೇ ಆ ಭಾಗದ ಪ್ರಯಾಣಿಕರಿಗೆ ಬಾಗಿಲು ಮುಚ್ಚಿತು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಡೇಟಾ ತೆರೆದಿಡಿ, ಆದರೆ ಮೊದಲ ಪೇಪರ್ ಬರೆಯುವ ಅವಕಾಶ ಅದನ್ನು ಸಂಗ್ರಹಿಸಿದವರಿಗೆ ಇಷ್ಟು ತಿಂಗಳು ಇರಲಿ ಅಂತ ಒಪ್ಪಂದದಲ್ಲೇ ನಮೂದಿಸಿ.

ಹಂತ 5: ಕೆಟ್ಟದ್ದಕ್ಕೆ ಬಳಕೆಯಾಗಬಹುದೇ ಅಂತ ಶುರುವಿನಲ್ಲೇ ಕೇಳಿ

ಜೈವಿಕ ಅಸ್ತ್ರಗಳನ್ನು ನಿಷೇಧಿಸಿದ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಲ್ಯಾಬ್‌ಗಳನ್ನು ತಪಾಸಣೆ ಮಾಡುವ ವ್ಯವಸ್ಥೆ ಇಲ್ಲ. ಅಂದರೆ ದಿನನಿತ್ಯದ ಎಚ್ಚರ ವಿಜ್ಞಾನಿಗಳದ್ದೇ.

2011ರಲ್ಲಿ ನೆದರ್‌ಲೆಂಡ್ಸ್ ಮತ್ತು ಅಮೆರಿಕದ ಎರಡು ತಂಡಗಳು ಹಕ್ಕಿಜ್ವರದ ವೈರಸ್ ಫೆರೆಟ್‌ಗಳ (ಮುಂಗುಸಿಯಂತೆ ಕಾಣುವ ಸಣ್ಣ ಪ್ರಾಣಿಗಳ) ನಡುವೆ ಗಾಳಿಯಲ್ಲಿ ಹರಡುವಂತೆ ಆಗಬಲ್ಲದು ಅಂತ ತೋರಿಸಿದವು. ಪ್ರಯೋಗದ ವಿವರವನ್ನು ಪೂರ್ತಿ ಪ್ರಕಟಿಸಬೇಡಿ ಅಂತ ಅಮೆರಿಕದ ಜೈವಿಕ ಭದ್ರತೆಯ ಸಲಹಾ ಮಂಡಳಿ ಮೊದಲು ಹೇಳಿತು. 2012ರ ಜನವರಿಯಲ್ಲಿ ಸಂಶೋಧಕರೇ 60 ದಿನ ಕೆಲಸ ನಿಲ್ಲಿಸುತ್ತೇವೆ ಅಂದರು, ಅದು ಸುಮಾರು ಒಂದು ವರ್ಷಕ್ಕೆ ಹಿಗ್ಗಿತು. ಪೇಪರ್‌ಗಳು ಅದೇ ವರ್ಷದ ನಡುವೆ ಪ್ರಕಟವಾದವು. ಸರಿ ತಪ್ಪು ಬಿಡಿ, ನಮಗೆ ಮುಖ್ಯವಾದದ್ದು ಬೇರೆ. ಚರ್ಚೆ ಕಾವೇರಿದ್ದು ಪ್ರಯೋಗ ಮುಗಿದು, ಪೇಪರ್ ಸಂಪಾದಕರ ಮೇಜಿಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಕೈ ಕಟ್ಟಿದಂತಾಗಿತ್ತು.

ನೀವು ಹಾಗೆ ಮಾಡಬೇಡಿ. ಯೋಜನೆಯ ಮೊದಲ ಸಭೆಯಲ್ಲೇ ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ರೋಗಾಣು ಹೆಚ್ಚು ಹರಡುವಂತೆ, ಔಷಧಕ್ಕೆ ಬಗ್ಗದಂತೆ, ಪರೀಕ್ಷೆಗೆ ಸಿಗದಂತೆ ಆಗುವ ಸಾಧ್ಯತೆ ಇದೆಯೇ? ಹಾಗೇನಾದರೂ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ? ಎರಡೂ ಲ್ಯಾಬ್‌ಗಳಲ್ಲಿ ಒಬ್ಬೊಬ್ಬರ ಹೆಸರು ಬರೆದಿಡಿ. ಕಿರಿಯ ವಿದ್ಯಾರ್ಥಿಯೂ ಅವರಿಗೆ ನೇರವಾಗಿ ಹೇಳುವಂತಿರಲಿ. ವಿಜ್ಞಾನಿಗಳ ನಡತೆಗಾಗಿ ಇರುವ 2021ರ ಟಿಯಾಂಜಿನ್ ಮಾರ್ಗಸೂಚಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ರೂಪಿಸಿದ್ದು. ಚಿಕ್ಕದು, ಸಭೆಗೆ ಮುಂಚೆ ಓದಿಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಚೌಕಟ್ಟು ದೊಡ್ಡದು, ಸಂಸ್ಥೆಯ ಮಟ್ಟಕ್ಕೆ ಸರಿ.

ಸುರಕ್ಷತೆಯನ್ನು ಬರೀ ಲ್ಯಾಬಿನ ಸುರಕ್ಷತಾ ಹಂತದ (1ರಿಂದ 4) ಸಂಖ್ಯೆಯಿಂದ ಅಳೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲ್ಯಾಬ್ ಸುರಕ್ಷತಾ ಕೈಪಿಡಿಯ 2020ರ ನಾಲ್ಕನೇ ಆವೃತ್ತಿಯೂ, ನೀವು ಮಾಡುವ ಕೆಲಸದ ಅಪಾಯವನ್ನು ಮೊದಲು ಅಳೆಯಿರಿ ಅನ್ನುತ್ತದೆ. ಕರೆಂಟ್ ಹೋಗುವ ಕಡೆ ದುಬಾರಿ ಗಾಳಿ ಶೋಧಕಕ್ಕಿಂತ ಒಳ್ಳೆಯ ಅಭ್ಯಾಸ ಹೆಚ್ಚು ಕಾಪಾಡುತ್ತದೆ.

ಹಂತ 6: ಪೆಟ್ಟಿಗೆ, ಲೇಬಲ್, ಎಕ್ಸೆಲ್ ಶೀಟ್

ದೊಡ್ಡ ಮಾತೆಲ್ಲ ಆದ ಮೇಲೆ ಕೆಲಸ ಕೆಡುವುದು ಇಲ್ಲಿ. ಸೋಂಕು ಇರಬಹುದಾದ, ಆದರೆ ಅತಿ ಅಪಾಯಕಾರಿಯಲ್ಲದ ಸ್ಯಾಂಪಲ್‌ಗೆ, ಸಾಗಣೆಗಾಗಿ ವಿಶ್ವಸಂಸ್ಥೆ ಕೊಟ್ಟ ಯುಎನ್ 3373 ಅನ್ನುವ ಸಂಖ್ಯೆಯ ಗುರುತು. ಮೂರು ಪದರ ಬೇಕು: ದ್ರವ ಹೀರುವ ವಸ್ತು ಸುತ್ತಿದ ಸೋರದ ಟ್ಯೂಬ್, ಸೋರದ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಎರಡನೇ ಡಬ್ಬಿಯ ಹೊರಗಿರಬೇಕು. ಅದು ಅನಿಲವಾಗಿ ಹೊರಬರುತ್ತದೆ, ಹಾಗಾಗಿ ಹೊರಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಿದರೆ ಸಿಡಿಯಬಹುದು. ಯುಎನ್ 1845 ಗುರುತು ಹಾಕಿ, ಎಷ್ಟು ಕಿಲೋ ಅಂತ ಬರೆಯಿರಿ. ವಾರದ ಮೊದಲ ದಿನ ಕಳಿಸಿ, ರಜೆಯ ಮುಂಚಿನ ದಿನ ಬೇಡವೇ ಬೇಡ. ಕಸ್ಟಮ್ಸ್ ಗೋದಾಮಿನಲ್ಲಿ ಎರಡು ದಿನ ಕೂತರೆ ಡ್ರೈ ಐಸ್ ಖಾಲಿ. ಅನುಮತಿ ಪತ್ರದ ಪ್ರತಿ ಪೆಟ್ಟಿಗೆಯ ಹೊರಗೆ ಅಂಟಿಸಿದ ಲಕೋಟೆಯಲ್ಲಿರಲಿ, ಒಳಗಲ್ಲ.

ಟ್ಯೂಬ್ ಮೇಲೆ ಮಾಮೂಲಿ ಮಾರ್ಕರ್‌ನಲ್ಲಿ ಬರೆದರೆ ಎಥನಾಲ್ (ಆಲ್ಕೋಹಾಲ್) ಒಂದು ಹನಿ ಬಿದ್ದರೂ ಅಳಿಸಿಹೋಗುತ್ತದೆ. ಎಥನಾಲ್‌ನಲ್ಲಿಟ್ಟ ಕೀಟಗಳಿಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಒಳಗೇ ಹಾಕುವ ಹಳೆ ಪದ್ಧತಿ ಇಂದಿಗೂ ಚೆನ್ನ. ಮೈನಸ್ 80 ಡಿಗ್ರಿಗೆ ಅದಕ್ಕೆಂದೇ ಮಾಡಿದ ಲೇಬಲ್ ಬೇಕು, ಮಾಮೂಲಿ ಸ್ಟಿಕ್ಕರ್ ಉದುರುತ್ತದೆ.

ಇನ್ನು ಶೀಟ್. 04/05 ಅಂದರೆ ಒಬ್ಬರಿಗೆ ಮೇ 4, ಇನ್ನೊಬ್ಬರಿಗೆ ಏಪ್ರಿಲ್ 5. 2024-05-04 ಅಂತ ವರ್ಷ, ತಿಂಗಳು, ದಿನ ಕ್ರಮದಲ್ಲೇ ಬರೆಯುವುದು ಅಂತ ಮೊದಲ ದಿನವೇ ಒಪ್ಪಿಕೊಳ್ಳಿ. ಕೆಲವು ದೇಶಗಳಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಅದನ್ನೂ ಕೇಳಿಕೊಳ್ಳಿ. ಎಕ್ಸೆಲ್ ಅಂತೂ ಮಾರ್ಚ್1, ಸೆಪ್ಟ್2 ಅನ್ನುವ ಜೀನ್ ಹೆಸರುಗಳನ್ನು ತಾರೀಖು ಮಾಡಿಬಿಡುತ್ತದೆ. ಎಕ್ಸೆಲ್ ಜೀನ್ ಪಟ್ಟಿ ಜೊತೆಗಿದ್ದ ಪೇಪರ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಇಂಥ ದೋಷ ಇದೆ ಅಂತ 2016ರ ಅಧ್ಯಯನ ತೋರಿಸಿತು. ಕಾಟ ತಾಳಲಾಗದೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಹೆಸರುಗಳನ್ನೇ ಮಾರ್ಚ್‌ಎಫ್1, ಸೆಪ್ಟಿನ್2 ಅಂತ ಬದಲಾಯಿಸಿತು. ಆಗ ಸಾಫ್ಟ್‌ವೇರ್ ಬಗ್ಗಲಿಲ್ಲ, ವಿಜ್ಞಾನ ಬಗ್ಗಿತು!

ಹಂತ 7: ಸಭೆಗಳು

ಗಂಟೆಗಳ ವ್ಯತ್ಯಾಸ ಇದ್ದಾಗ ಯಾರೋ ಒಬ್ಬರು ರಾತ್ರಿ ಕೂರಲೇಬೇಕು. ಯಾವಾಗಲೂ ಅವರೇ ಕೂರುವುದು ಬೇಡ, ಸರದಿ ಇರಲಿ. ಇಂಗ್ಲಿಷ್ ಸಲೀಸಾಗಿ ಬರುವವರು ನಿಧಾನವಾಗಿ ಮಾತಾಡಿ. ನಿರ್ಧಾರಗಳನ್ನು ಸಭೆಯಲ್ಲೇ ಮುಗಿಸಿಬಿಡಬೇಡಿ. ಟಿಪ್ಪಣಿ ಕಳಿಸಿ ಎರಡು ದಿನ ಸಮಯ ಕೊಡಿ. ಬಾಯಲ್ಲಿ ಹೇಳಲು ಹಿಂಜರಿದವರು ಬರಹದಲ್ಲಿ ಹೇಳುತ್ತಾರೆ.

ತರಬೇತಿಗೆ ಓಡಾಟವೂ ಒಂದೇ ದಿಕ್ಕಿನಲ್ಲಿ ಆಗಬಾರದು. ಯಂತ್ರ ಕಲಿಯಲು ಈ ಕಡೆಯವರು ಹೋದರೆ, ಕಾಡಿನ ಕೆಲಸವನ್ನೋ ರೋಗಿಗಳ ಜೊತೆಗಿನ ಕೆಲಸವನ್ನೋ ಕಲಿಯಲು ಆ ಕಡೆಯವರು ಬರಲಿ.

ಹಂತ 8: ಪೇಪರಿನಲ್ಲಿ ಹೆಸರು

ಲೇಖಕರು ಯಾರು ಅನ್ನುವುದಕ್ಕೆ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಮಾನದಂಡಗಳಿವೆ. ಯೋಚನೆ, ಡೇಟಾ ಅಥವಾ ವಿಶ್ಲೇಷಣೆಗೆ ಗಣನೀಯ ಕೊಡುಗೆ. ಕರಡು ಬರೆಯುವುದು ಅಥವಾ ತಿದ್ದುವುದು. ಕೊನೆಯ ಪ್ರತಿಗೆ ಒಪ್ಪಿಗೆ. ಇಡೀ ಕೆಲಸಕ್ಕೆ ಹೊಣೆ. ಇವುಗಳಲ್ಲಿ ನಾಲ್ಕೂ ಇರಬೇಕು.

ಇಲ್ಲೇ ಒಂದು ಮೋಸದ ಸಂದಿ ಇದೆ. ಸ್ಥಳೀಯ ಪಾಲುದಾರರಿಗೆ ಕರಡನ್ನೇ ಕಳಿಸದೆ, ಆಮೇಲೆ "ನೀವು ಕರಡು ತಿದ್ದಲಿಲ್ಲ, ಹಾಗಾಗಿ ಲೇಖಕರಲ್ಲ" ಅಂದುಬಿಡಬಹುದು. ಅದೇ ಸಮಿತಿಯ ನಿಯಮ ಇದನ್ನು ಒಪ್ಪುವುದಿಲ್ಲ. ಮೊದಲ ಮಾನದಂಡ ಪೂರೈಸಿದವರಿಗೆ ಉಳಿದವನ್ನು ಪೂರೈಸುವ ಅವಕಾಶ ಕೊಡಲೇಬೇಕು ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಯಾರಾದರೂ ನಾಲ್ಕು ಮಾನದಂಡ ತೋರಿಸಿ ನಿಮ್ಮನ್ನು ಬಿಟ್ಟರೆ, ಈ ಸಾಲನ್ನು ತೋರಿಸಿ.

ಲೇಖಕರ ಪಟ್ಟಿಯ ಕರಡನ್ನು ಪ್ರಯೋಗ ಶುರುವಾಗುವ ಮುಂಚೆಯೇ ಬರೆಯಿರಿ, ಆರು ತಿಂಗಳಿಗೊಮ್ಮೆ ನೋಡಿ. ಯಾರು ಏನು ಮಾಡಿದರು ಅಂತ ದಾಖಲಿಸಲು ಕ್ರೆಡಿಟ್ ಅನ್ನುವ ಪದ್ಧತಿಯಲ್ಲಿ 14 ಪಾತ್ರಗಳಿವೆ. ಮೊದಲ ಹೆಸರು, ಕೊನೆಯ ಹೆಸರು ಎರಡೂ ಒಂದೇ ದೇಶಕ್ಕೆ ಹೋಗುತ್ತಿದ್ದರೆ ಯಾಕೆ ಅಂತ ಕೇಳಿ. ಎರಡನೇ ಪೇಪರ್‌ಗೆ ಸರದಿ ಬದಲಾಗಬಹುದು.

ಹಂತ 9: ಮುಗಿಸುವುದು

ಗ್ರಾಂಟ್ ಮುಗಿಯುವ ಆರು ತಿಂಗಳ ಮೊದಲು ಒಂದು ಸಭೆ ಇಟ್ಟುಕೊಳ್ಳಿ. ಫ್ರೀಜರ್‌ನಲ್ಲಿ ಉಳಿದದ್ದರ ಪಟ್ಟಿ ಮಾಡಿ. ಒಪ್ಪಂದದಂತೆ ವಾಪಸ್ಸೋ ನಾಶವೋ ತೀರ್ಮಾನಿಸಿ, ಅದಕ್ಕೆ ದಾಖಲೆ ಬರೆಯಿರಿ. ಸ್ಯಾಂಪಲ್ ಕೊಟ್ಟ ಜನರಿಗೆ, ರೈತರಿಗೆ, ಅರಣ್ಯ ಸಿಬ್ಬಂದಿಗೆ ಫಲಿತಾಂಶವನ್ನು ಅವರ ಭಾಷೆಯಲ್ಲಿ ಒಂದೆರಡು ಪುಟದಲ್ಲಿ ಕೊಡಿ. ಪೇಪರಿನ ಪಿಡಿಎಫ್ ಕಳಿಸಿದರೆ ಲೆಕ್ಕಕ್ಕಿಲ್ಲ.

ಮುಖ್ಯ ಸಂಶೋಧಕರು ಕೆಲಸ ಬದಲಾಯಿಸುವುದು ಸಾಮಾನ್ಯ. ಅವರು ಹೋಗುವಾಗ ಸ್ಯಾಂಪಲ್ ಜೊತೆಗೆ ಒಯ್ಯುವಂತಿಲ್ಲ, ಒಯ್ಯಬೇಕಾದರೆ ಹೊಸ ಒಪ್ಪಂದ ಆಗಬೇಕು. ಹಾಗಾಗಿ ಫ್ರೀಜರ್‌ನ ಪ್ರತಿ ಪೆಟ್ಟಿಗೆಯ ಮೇಲೆ ವ್ಯಕ್ತಿಯ ಹೆಸರಿನ ಬದಲು ಒಪ್ಪಂದದ ಸಂಖ್ಯೆ ಮತ್ತು ಅವಧಿ ಮುಗಿಯುವ ತಾರೀಖು ಬರೆಯಿರಿ. ಹೊಸದಾಗಿ ಬಂದವರು ಬಾಗಿಲು ತೆಗೆದ ಕೂಡಲೇ ಯಾವುದನ್ನು ಮುಟ್ಟಬಹುದು, ಯಾವುದಕ್ಕೆ ಮೊದಲು ಯಾರಿಗೆ ಪತ್ರ ಬರೆಯಬೇಕು ಅಂತ ಗೊತ್ತಾಗುತ್ತದೆ.